ಕೆನಲ್ ಕಾಫ್ ಬಂದ ಹೊಸ ನಾಯಿಗೆ ಆರೈಕೆ: ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ

ಶೆಲ್ಟರ್‌ನಿಂದ ಬಂದ ನಾಯಿ ಮನೆ ಸೇರಿದ ಸ್ವಲ್ಪ ದಿನಕ್ಕೇ ಕೆಮ್ಮಲು ಶುರು ಮಾಡುವುದು ತೀರಾ ಸಾಮಾನ್ಯ. ಹೆಚ್ಚಾಗಿ ಅದು ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಶ್ವಾಸನಾಳದ ಸೋಂಕು. ಸೋಂಕು ತಗುಲಿ 2ರಿಂದ 14 ದಿನಗಳಲ್ಲಿ ಕೆಮ್ಮು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕರೆತರುವ ದಿನ ಚಟುವಟಿಕೆಯಿಂದ ಇದ್ದ ನಾಯಿಯೂ ಒಳಗೆ ಆಗಲೇ ಸೋಂಕು ಹೊತ್ತಿರಬಹುದು. ನಮ್ಮ ಕೆಂಚಿಗೂ ಹಾಗೇ ಆಯಿತು. ಹೆಬ್ಬಾತು ಕೂಗಿದಂಥ ಒಣ ಕೆಮ್ಮು, ಕೊನೆಯಲ್ಲಿ ಓಕರಿಕೆ, ನೆಲದ ಮೇಲೆ ಒಂದಿಷ್ಟು ಬಿಳಿ ನೊರೆ. ಮೊದಲ ಸಲ ನೋಡುವವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ನಿಸುತ್ತದೆ.

ಡಾಕ್ಟರ್ ಪರೀಕ್ಷೆ ಮಾಡಿದರು. ಜ್ವರ ಇರಲಿಲ್ಲ, ಎದೆ ಸ್ವಚ್ಛವಾಗಿತ್ತು, ಊಟ ಸರಿಯಾಗಿತ್ತು. ಸೌಮ್ಯ ಕೆನಲ್ ಕಾಫ್, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಆಮೇಲೆ ಶುರುವಾಯಿತು ನೋಡಿ, ಒಬ್ಬೊಬ್ಬರದು ಒಂದೊಂದು ಸಲಹೆ. ಹಬೆ ಕೊಡಿ, ಬೇಡ ನೆಬ್ಯುಲೈಸರ್ ಕೊಡಿ. ಕೂಡಲೇ ಆಂಟಿಬಯಾಟಿಕ್ ಹಾಕಿಸಿ, ಸುಮ್ನೆ ಬಿಡಿ ತಾನೇ ವಾಸಿಯಾಗುತ್ತದೆ. ಡಾಕ್ಟರ್ ಬೇಡ ಅನ್ನದ್ದನ್ನೆಲ್ಲ ನಾನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಎರಡು ವಿಷಯ ಗಮನಿಸುತ್ತಿದ್ದೆ. ಒಂದು, ಕೆಮ್ಮು ಕಡಿಮೆಯಾಯಿತೇ? ಇನ್ನೊಂದು, ಅದು ಮುಗಿದ ಮೇಲೆ ಕೆಂಚಿ ನನ್ನ ಹತ್ತಿರ ಬರುತ್ತಾಳೋ, ಮಂಚದ ಕೆಳಗೆ ಸೇರುತ್ತಾಳೋ? ಹೊಸದಾಗಿ ಬಂದ ನಾಯಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ. ನಮ್ಮ ಕೈ ಅಂದರೆ ಹೆದರಿಕೆ ಅಂತ ಅದು ಮೊದಲ ವಾರದಲ್ಲೇ ಕಲಿತುಬಿಟ್ಟರೆ, ಕೆಮ್ಮು ಹೋದರೂ ಆ ಹೆದರಿಕೆ ಬೇಗ ಹೋಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಔಷಧಿಯೇ ಅಲ್ಲದ ಒಂದು ವಸ್ತುವಿನಿಂದ: ಹಾರ್ನೆಸ್, ಅಂದರೆ ಕೊರಳಿಗೆ ಬದಲು ಎದೆಯ ಸುತ್ತ ಕಟ್ಟುವ ಪಟ್ಟಿ. ಕೆಂಚಿ ಬರುವಾಗ ಕೊರಳಲ್ಲಿ ಕಾಲರ್ ಇತ್ತು. ಬಾಗಿಲ ಹತ್ತಿರ ಅವಳು ಒಮ್ಮೆ ಜಗ್ಗಿದರೆ ಸಾಕು, ಕೆಮ್ಮಿನ ಸುರುಳಿಯೇ ಶುರುವಾಗುತ್ತಿತ್ತು. ಈ ಕಾಯಿಲೆಯಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡಿರುತ್ತದೆ. ಅದರ ಮೇಲೆ ಸ್ವಲ್ಪ ಒತ್ತಡ ಬಿದ್ದರೂ ಕೆಮ್ಮು ಕೆರಳುತ್ತದೆ. ಹಾರ್ನೆಸ್‌ಗೆ ಬದಲಾಯಿಸಿದ ಮೇಲೆ ಅದೇ ದಾರಿ, ಅದೇ ಜಗ್ಗಾಟ, ಆದರೆ ಕೆಮ್ಮು ಅರ್ಧಕ್ಕಿಂತ ಕಡಿಮೆ. ಬೇರೆ ಯಾವ ಉಪಾಯವೂ ಒಂದೇ ದಿನದಲ್ಲಿ ಇಷ್ಟು ಫಲ ಕೊಡಲಿಲ್ಲ.

ಹಾರ್ನೆಸ್‌ಗಳಲ್ಲೂ ಭೇದವಿದೆ. ಪಟ್ಟಿ ಗಂಟಲಿಗೆ ಅಡ್ಡ ಬರುವಂಥದ್ದು ಕಾಲರ್‌ನಷ್ಟೇ ಕೆಟ್ಟದ್ದು. ಎದೆಯ ಮೂಳೆಯ ಮೇಲೆ ಕೂರುವ, ಮುಂದಿನಿಂದ ಇಂಗ್ಲಿಷ್ ವೈ ಅಕ್ಷರದಂತೆ ಕಾಣುವ ವಿನ್ಯಾಸ ಒಳ್ಳೆಯದು. ತಲೆಯ ಮೇಲಿಂದ ತೂರಿಸಿ ಹಾಕುವ ಹಾರ್ನೆಸ್ ಕಂಡರೆ ಕೆಂಚಿ ಹಿಂದಕ್ಕೆ ಸರಿಯುತ್ತಿದ್ದಳು. ಕೊರಳ ಹತ್ತಿರವೂ ಕೊಂಡಿ ಬಿಚ್ಚುವಂಥದ್ದನ್ನು ತಂದ ಮೇಲೆ ಆ ತೊಂದರೆ ತಪ್ಪಿತು. ಹೊಸ ನಾಯಿ ಹೆದರಿದರೆ ಹಿಂದೆ ಸರಿದು ಹಾರ್ನೆಸ್‌ನಿಂದಲೂ ನುಣುಚಿಕೊಳ್ಳಬಲ್ಲದು. ಆದ್ದರಿಂದ ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ. ಹೆಸರು, ಫೋನ್ ನಂಬರ್ ಇರುವ ಬಿಲ್ಲೆಯನ್ನು ಹಾರ್ನೆಸ್‌ಗೇ ಸಿಕ್ಕಿಸಿ.

ಇನ್ನು ಹಬೆ ಮತ್ತು ನೆಬ್ಯುಲೈಸರ್. ಎರಡೂ ಒಂದೇ ಕೆಲಸ ಮಾಡುತ್ತವೆ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಹಬೆಯ ಹನಿಗಳು ದಪ್ಪ. ಅವು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತವೆ. ನೆಬ್ಯುಲೈಸರ್ ಅಂದರೆ ದ್ರವವನ್ನು ಮಂಜಿನಂತೆ ಮಾಡುವ ಯಂತ್ರ, ಅದರಿಂದ ಬರುವ ಸಣ್ಣ ಹನಿಗಳು ಶ್ವಾಸನಾಳ ದಾಟಿ ಕೆಳಗೂ ಇಳಿಯುತ್ತವೆ. ಕಾಗದದ ಮೇಲೆ ನೆಬ್ಯುಲೈಸರ್‌ಗೇ ಗೆಲುವು. ಆದರೆ ಕೆಂಚಿಯ ವಿಷಯದಲ್ಲಿ ಮೊದಲ ದಿನಗಳಲ್ಲಿ ಹಬೆಯೇ ಗೆದ್ದಿತು. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಕಾಲು ಜಾರದಂತೆ ಒಣ ಚಾಪೆ ಹಾಸಿ, 10ರಿಂದ 15 ನಿಮಿಷ ಅವಳ ಪಕ್ಕದಲ್ಲೇ ಕೂರುತ್ತಿದ್ದೆ. ಅವಳು ನನ್ನ ಮೊಣಕಾಲಿಗೆ ಒರಗಿ ಮಲಗಲು ಕಲಿತದ್ದೇ ಅಲ್ಲಿ. ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ಕೆಮ್ಮು ಮೆತ್ತಗಾಗುತ್ತಿತ್ತು.

ನೆಬ್ಯುಲೈಸರ್‌ನಲ್ಲಿ ಕಂಪ್ರೆಸರ್ ಇರುವ ಯಂತ್ರದ ಗುಂಯ್ ಸದ್ದಿಗೇ ಅವಳು ನಡುಗಿದಳು. ಸಣ್ಣ ಜಾಲರಿಯಿಂದ ಹನಿ ಮಾಡುವ ಮೆಶ್ ಮಾದರಿಯದು ಹೆಚ್ಚುಕಡಿಮೆ ನಿಶ್ಶಬ್ದ. ಅದನ್ನು ಮುಖವಾಡ ಬಿಗಿಯದೆ ಮೂಗಿನ ಹತ್ತಿರ ಹಿಡಿದಾಗ ಸಹಿಸಿಕೊಂಡಳು. ಮುಂದೆ ಕಫ ಗಟ್ಟಿಯಾದಾಗ ಡಾಕ್ಟರ್ ಹೇಳಿದ ಮೇಲೆ ಇದೇ ಉಪಯೋಗಕ್ಕೆ ಬಂತು. ಒಳಗೆ ಹಾಕಬೇಕಾದ್ದು ಸ್ಟೆರೈಲ್ (ರೋಗಾಣು ಇಲ್ಲದ) ಆದ 0.9% ಸಲೈನ್, ಅಂದರೆ ಉಪ್ಪುನೀರು ಮಾತ್ರ. ನೀಲಗಿರಿ, ಕರ್ಪೂರ, ಟೀ ಟ್ರೀ ಎಣ್ಣೆ ಯಾವುದನ್ನೂ ಹಬೆಗಾಗಲಿ ನೆಬ್ಯುಲೈಸರ್‌ಗಾಗಲಿ ಬೆರೆಸಬೇಡಿ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ. ಕುದಿಯುವ ನೀರಿನ ಪಾತ್ರೆಯನ್ನು ಮೂತಿಯ ಕೆಳಗೆ ಹಿಡಿಯುವುದೂ ಬೇಡ, ಸುಟ್ಟುಕೊಳ್ಳುತ್ತವೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಬಿಸಿ ಹಬೆಯ ಕೋಣೆಯೇ ಅಪಾಯವಾಗಬಹುದು, ಡಾಕ್ಟರನ್ನು ಕೇಳದೆ ಕೊಡಬೇಡಿ.

ಕೋಣೆಯ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಕೂಡ ಇಟ್ಟು ನೋಡಿದೆ. ದೊಡ್ಡ ಫರಕು ಕಾಣಲಿಲ್ಲ. ದಿನಾ ತೊಳೆಯುವ ಕೆಲಸ ಮಾತ್ರ ತಪ್ಪಲಿಲ್ಲ.

ಜೇನುತುಪ್ಪ ಮತ್ತು ಕೆಮ್ಮು ತಡೆಯುವ ಔಷಧಿಯನ್ನು ಹೋಲಿಸಿದರೆ, ಎರಡಕ್ಕೂ ಅದರದರ ಹೊತ್ತಿದೆ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಜೇನು ಕಲಸಿ ಕೊಟ್ಟರೆ ಕೆಂಚಿ ಖುಷಿಯಿಂದ ನೆಕ್ಕುತ್ತಿದ್ದಳು, ಗಂಟಲಿಗೂ ಕೆಲ ನಿಮಿಷ ಹಿತ ಸಿಗುತ್ತಿತ್ತು. ಅಷ್ಟೇ, ಅದು ರೋಗ ಗುಣಪಡಿಸುವುದಿಲ್ಲ. ವರ್ಷ ತುಂಬದ ಮರಿಗೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಜೇನು ಬೇಡ. ಡಾಕ್ಟರ್ ಬರೆದುಕೊಟ್ಟ ಔಷಧಿ ರಾತ್ರಿಯ ಹೊತ್ತು ನಿಜವಾಗಿ ಕೆಲಸ ಮಾಡಿತು. ಅವಳೂ ನಿದ್ದೆ ಮಾಡಿದಳು, ನಾವೂ ಮಾಡಿದೆವು. ಆದರೆ ಕೆಮ್ಮಿನಲ್ಲಿ ಕಫ ಬರತೊಡಗಿದ ಕೂಡಲೇ ಅದನ್ನು ನಿಲ್ಲಿಸಲು ಹೇಳಿದರು. ಕಫ ಹೊರಗೆ ಬರಲು ಕೆಮ್ಮೇ ದಾರಿ, ಅದನ್ನು ಕಟ್ಟಿಹಾಕಿದರೆ ಕಫ ಎದೆಯಲ್ಲೇ ಉಳಿಯುತ್ತದೆ. ಮನುಷ್ಯರ ಕೆಮ್ಮಿನ ಸಿರಪ್ ಅನ್ನು ನಾನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ. ಕೆಲವದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ, ಕೆಲವದರಲ್ಲಿ ಪ್ಯಾರಾಸಿಟಮಾಲ್. ಎರಡೂ ನಾಯಿಯ ಜೀವಕ್ಕೇ ಕುತ್ತು ತರಬಲ್ಲವು.

ಜಾಸ್ತಿ ವಾದ ನಡೆಯುವುದು ಆಂಟಿಬಯಾಟಿಕ್ ವಿಷಯದಲ್ಲಿ. ಕೂಡಲೇ ಕೊಡಬೇಕೇ, ಕಾಯಬೇಕೇ? ಕೆನಲ್ ಕಾಫ್ ಒಂದೇ ರೋಗಾಣುವಿನ ಕೆಲಸವಲ್ಲ. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಪ್ಯಾರಾಇನ್‌ಫ್ಲುಯೆಂಜಾ ಅಥವಾ ಅಡಿನೋ ವೈರಸ್ ಇರಬಹುದು, ಎರಡು ಮೂರು ಒಟ್ಟಿಗೂ ಇರಬಹುದು. ವೈರಸ್‌ಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಸಾಕುಪ್ರಾಣಿಗಳ ಸೋಂಕು ರೋಗಗಳ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಕೊಟ್ಟ ಮಾರ್ಗಸೂಚಿಯೂ ಸೌಮ್ಯ ಕೆಮ್ಮಿಗೆ ಆಂಟಿಬಯಾಟಿಕ್ ಇಲ್ಲದೆ ಸುಮಾರು 10 ದಿನ ನೋಡಿ ಅನ್ನುತ್ತದೆ. ಜ್ವರ, ಸುಸ್ತು, ಊಟ ಬಿಡುವುದು ಇಂಥವುಗಳ ಜೊತೆ ಕೀವಿನಂಥ ಸಿಂಬಳವೂ ಬಂದರೆ ಮಾತು ಬೇರೆ. ಆಗ ಆ ಮಾರ್ಗಸೂಚಿ ಮೊದಲು ಹೆಸರಿಸುವುದು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್.

ನಾವು ಎರಡೂ ದಾರಿ ಕಂಡೆವು. ಮೊದಲು ಕಾದೆವು, ಕೆಮ್ಮು ನಿಧಾನವಾಗಿ ಇಳಿಯುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಸಿಂಬಳ ಹಳದಿಯಾಗಿ ಗಟ್ಟಿಯಾಯಿತು, ಮೈ ಬಿಸಿಯಾಯಿತು, ತಟ್ಟೆ ಹಾಗೇ ಉಳಿಯಿತು. ಅವತ್ತೇ ಡಾಕ್ಟರ್ ಡಾಕ್ಸಿಸೈಕ್ಲಿನ್ ಶುರು ಮಾಡಿದರು, ಅವಳು ಬೇಗ ಚೇತರಿಸಿಕೊಂಡಳು. ಇಷ್ಟಾದರೂ ನನ್ನ ಮತ ಕಾಯುವುದರ ಕಡೆಗೇ. ಒಂದೇ ಷರತ್ತು, ಕಾಯುವುದು ಅಂದರೆ ದಿನಾ ಗಮನಿಸುವುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಗಾಢ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30ರ ಒಳಗಿರಬೇಕು. ಇವೆರಡು ಮತ್ತು ಊಟ, ಇಷ್ಟನ್ನು ಬರೆದಿಟ್ಟರೆ ಸಾಕು. ಉಸಿರಾಡಲು ಹೊಟ್ಟೆ ಒತ್ತುತ್ತಿದ್ದರೆ, ಒಸಡು ನೀಲಿಯಾದರೆ ಒಂದು ಗಂಟೆಯೂ ತಡ ಮಾಡಬೇಡಿ. ಶೆಲ್ಟರ್ ನಾಯಿಗೆ ಕೆಮ್ಮಿನ ಜೊತೆ ಕಣ್ಣಲ್ಲಿ ಪಿಸುರು, ಭೇದಿ, ಸ್ನಾಯು ಅದುರುವುದು ಕಂಡರೆ ಡಿಸ್ಟೆಂಪರ್ ಅನ್ನುವ ಗಂಭೀರ ವೈರಸ್ ರೋಗ ಇರಬಹುದು, ಅದರ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ.

ಔಷಧಿ ಕುಡಿಸಲು ಸಿರಿಂಜ್ ಸುಲಭ ಅಂತ ಮೊದಲು ದ್ರವ ರೂಪದ್ದನ್ನೇ ತಂದಿದ್ದೆವು. ಸಿರಿಂಜ್ ಕಂಡೊಡನೆ ಕೆಂಚಿ ಮಂಚದ ಕೆಳಗೆ. ಮಾತ್ರೆಗೆ ಬದಲಾಯಿಸಿ, ಅವಳಿಗೆ ಇಷ್ಟವಾದ ಮೆತ್ತನೆ ತಿಂಡಿಯ ಮೂರು ಉಂಡೆ ಮಾಡಿ, ನಡುವಿನದರಲ್ಲಿ ಮಾತ್ರೆ ಅಡಗಿಸಿದೆ. ಮೊದಲನೆಯದು ನಂಬಿಕೆಗೆ, ಮೂರನೆಯದರ ಆಸೆಗೆ ಎರಡನೆಯದು ಗುಳುಂ. ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗಬಹುದು. ಅದಕ್ಕೆ ಹಿಂದೆಯೇ ನೀರು ಅಥವಾ ಊಟ ಹೋಗಲೇಬೇಕು. ಉಂಡೆಗೆ ಚೀಸ್, ಮೊಸರು ಬೇಡ, ಹಾಲಿನ ಪದಾರ್ಥಗಳು ಈ ಔಷಧಿ ಮೈಗೆ ಹತ್ತುವುದನ್ನು ಕಡಿಮೆ ಮಾಡಬಲ್ಲವು.

ವಿಶ್ರಾಂತಿಗೆ ಬಾಗಿಲು ಮುಚ್ಚಿದ ಕೋಣೆಗಿಂತ ಅಡ್ಡಗಟ್ಟೆಯ ಗೇಟ್ ಮೇಲು. ಒಬ್ಬಳನ್ನೇ ಕೂಡಿಹಾಕಿದರೆ ಬೊಗಳುತ್ತಿದ್ದಳು, ಬೊಗಳಿದರೆ ಮತ್ತೆ ಕೆಮ್ಮು. ಗೇಟ್‌ನ ಆಚೆ ನಾವು ಓಡಾಡುವುದು ಕಂಡರೆ ಸುಮ್ಮನೆ ಮಲಗುತ್ತಿದ್ದಳು. ನಮ್ಮಲ್ಲಿ ಆಗ ಬೇರೆ ನಾಯಿ ಇರಲಿಲ್ಲ. ನಿಮ್ಮ ಮನೆಯಲ್ಲಿ ಇದ್ದರೆ ಗೇಟ್ ಸಾಲದು, ಬಾಗಿಲೇ ಬೇಕು. ಕೆಮ್ಮಿನ ಹನಿ ಗೇಟ್ ದಾಟುತ್ತದೆ. ನೀರಿನ ಬಟ್ಟಲೂ ಬೇರೆ ಇರಲಿ, ಹೊಸ ನಾಯಿಯನ್ನು ಮುಟ್ಟಿದ ಕೈ ತೊಳೆಯದೆ ಹಳೆಯದನ್ನು ಮುಟ್ಟಬೇಡಿ. ಬೋರ್ಡೆಟೆಲ್ಲಾ ಬೆಕ್ಕಿಗೂ ತಗುಲಬಲ್ಲದು ಅನ್ನುವುದು ಹಲವರಿಗೆ ಗೊತ್ತಿಲ್ಲ. ಕೆಮ್ಮು ನಿಂತ ಮೇಲೂ ಕನಿಷ್ಠ ಎರಡು ವಾರ ಬೇರೆ ನಾಯಿಗಳ ಜೊತೆ ಬಿಡದಿರುವುದು ಒಳ್ಳೆಯದು. ನಾಯಿ ಗುಣವಾದಂತೆ ಕಂಡರೂ ರೋಗಾಣು ಇನ್ನೂ ವಾರಗಟ್ಟಲೆ ಹೊರಗೆ ಬರುತ್ತಿರಬಹುದು.

ಗುಣವಾದ ಮೇಲಿನ ಪ್ರಶ್ನೆ ಲಸಿಕೆ. ಮೂಗಿಗೆ ಹಾಕುವುದು, ಬಾಯಿಗೆ ಹಾಕುವುದು, ಚುಚ್ಚುಮದ್ದು, ಹೀಗೆ ಮೂರು ಬಗೆ. ಮೂಗಿನದು ಒಂದೇ ಡೋಸ್, ಸುಮಾರು 3 ದಿನಗಳಲ್ಲೇ ರಕ್ಷಣೆ ಶುರುವಾಗುತ್ತದೆ. ಚುಚ್ಚುಮದ್ದಿಗೆ ಮೊದಲ ಸಲ 2ರಿಂದ 4 ವಾರ ಅಂತರದಲ್ಲಿ ಎರಡು ಡೋಸ್ ಬೇಕು. ಮೂಗಿನ ಹಲವು ಲಸಿಕೆಗಳಲ್ಲಿ ಪ್ಯಾರಾಇನ್‌ಫ್ಲುಯೆಂಜಾಕ್ಕೂ ರಕ್ಷಣೆ ಸೇರಿರುತ್ತದೆ, ಬಾಯಿಯ ಕೆಲವು ಲಸಿಕೆಗಳಲ್ಲಿ ಬೋರ್ಡೆಟೆಲ್ಲಾಕ್ಕೆ ಮಾತ್ರ. ಮೂಗಿನದೂ ಬಾಯಿಯದೂ ಜೀವಂತ ಲಸಿಕೆಯಾದ್ದರಿಂದ ಆಂಟಿಬಯಾಟಿಕ್ ನಡೆಯುವಾಗ ಹಾಕಿಸಬಾರದು. ಯಾವುದೂ ಕೆಮ್ಮು ಬರುವುದೇ ಇಲ್ಲ ಅನ್ನುವ ಭರವಸೆ ಕೊಡುವುದಿಲ್ಲ, ಬಂದರೆ ಹಗುರಾಗಿ ಹೋಗುತ್ತದೆ. ಕೆಂಚಿಗೆ ಮೊದಲ ಸಲ ಮೂಗಿಗೆ ಹಾಕಿಸಿದಾಗ ತುಂಬ ಒದ್ದಾಡಿದಳು, ಸೀನಿ ಅರ್ಧ ಹೊರಗೇ ಹಾಕಿದಳೇನೋ ಅಂತ ನಮಗೆ ಚಿಂತೆ. ಮರುವರ್ಷ ಕೆನ್ನೆಯ ಒಳಗೆ ಬಿಡುವ ಬಾಯಿಯ ಲಸಿಕೆ ಕೇಳಿದೆವು. ತಲೆ ಹಿಡಿಯುವಷ್ಟರಲ್ಲಿ ಮುಗಿದಿತ್ತು. ರಕ್ಷಣೆಯ ವ್ಯಾಪ್ತಿ ನೋಡಿದರೆ ಮೂಗಿನದೇ ಒಂದು ಕೈ ಮೇಲು. ಆದರೆ ಮುಖದ ಹತ್ತಿರ ಕೈ ಬಂದರೇ ಹೆದರುವ ನಾಯಿಗೆ ನಾನು ಬಾಯಿಯದನ್ನೇ ಆರಿಸುತ್ತೇನೆ.