ಥಂಡರ್‌ಬರ್ಡ್‌ನ ಸಹಿ ಸೌಲಭ್ಯ: ಕೆಲಸ ಅಚ್ಚುಕಟ್ಟು, ಸೆಟ್ಟಿಂಗ್ಸ್ ಚದುರಿವೆ

ಮೇಲ್‌ನ ಕೊನೆಗೆ ಹೆಸರು, ಹುದ್ದೆ, ನಂಬರ್ ಅಂಟಿಸುವುದು ಯಾವ ಮೇಲ್ ಪ್ರೋಗ್ರಾಂಗೂ ಬರುತ್ತದೆ. ಸಹಿ ಎಲ್ಲಿಂದ ಶುರು ಎಂಬುದು ತಲುಪಿದ ಕಡೆಯ ಪ್ರೋಗ್ರಾಂಗೂ ಗೊತ್ತಾಗುವಂತೆ ಕಳಿಸುವುದರಲ್ಲಿ ಮೊಜಿಲ್ಲಾದ ಉಚಿತ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ನಿಜಕ್ಕೂ ಗಟ್ಟಿ. ಸಹಿಯ ಮೇಲೆ ಅದು ತಾನಾಗಿಯೇ ಒಂದು ಸಾಲು ಹಾಕುತ್ತದೆ: ಎರಡು ಅಡ್ಡಗೆರೆ, ಅವು ಮುಗಿದ ಮೇಲೆ ಒಂದು ಸ್ಪೇಸ್. ಇಂಟರ್ನೆಟ್‌ನ ಹಳೆಯ ಚರ್ಚಾಜಾಲ ಯೂಸ್‌ನೆಟ್‌ನಿಂದ ಬಂದ ಈ ರೂಢಿ, ಇಂಟರ್ನೆಟ್‌ನ ರೀತಿನೀತಿ ದಾಖಲಿಸುವ ಆರ್‌ಎಫ್‌ಸಿ ಸರಣಿಯ 2004ರ 3676ನೇ ದಾಖಲೆಯಲ್ಲಿದೆ. ಕೈಯಾರೆ ಟೈಪ್ ಮಾಡುವವರು ಆ ಸ್ಪೇಸನ್ನೇ ಮರೆಯುತ್ತಾರೆ, ಆಗ ಅದು ಬರೀ ಗೆರೆ. ಸ್ಪೇಸ್ ಇದ್ದರೆ, ಸಾದಾ ಪಠ್ಯದ ಮೇಲ್‌ಗೆ ಉತ್ತರಿಸುವಾಗ ಥಂಡರ್‌ಬರ್ಡ್ ಹಳೆಯ ಸಹಿಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಉಲ್ಲೇಖಿಸುತ್ತದೆ. ಮಾತುಕತೆ ಎಷ್ಟು ಸುತ್ತು ಬೆಳೆದರೂ ಅದೇ ವಿಳಾಸ ಮತ್ತೆ ಮತ್ತೆ ಪೇರಿಕೊಳ್ಳುವುದಿಲ್ಲ.

ತಕರಾರು ಸೆಟ್ಟಿಂಗ್ಸ್ ಬಗ್ಗೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯ ಹೆಸರು ಒತ್ತಿದರೆ ‘ಸಿಗ್ನೇಚರ್ ಟೆಕ್ಸ್ಟ್’ ಪೆಟ್ಟಿಗೆ ಸಿಗುತ್ತದೆ. ಆದರೆ ಉತ್ತರದಲ್ಲಿ ಸಹಿ ಎಲ್ಲಿ ಬರಬೇಕು ಎನ್ನುವ ಆಯ್ಕೆ ಅಲ್ಲಿಲ್ಲ, ಅದೇ ಖಾತೆಯ ‘ಕಾಂಪೊಸಿಷನ್ ಆಂಡ್ ಅಡ್ರೆಸಿಂಗ್’ ಪುಟದಲ್ಲಿದೆ. ಇದು ಕಣ್ಣಿಗೆ ಬೀಳದೆ, ಸಹಿ ಉದ್ದದ ಉಲ್ಲೇಖದ (ಉತ್ತರದೊಳಗೆ ಬರುವ ಹಳೆಯ ಮೇಲ್‌ನ ಪಠ್ಯ) ತಳಕ್ಕೆ ಹೋಗಿ ಕೂತಿದೆ ಎಂದು ಬಹಳ ಜನ ಪರದಾಡುತ್ತಾರೆ. ಉತ್ತರ ಉಲ್ಲೇಖದ ಮೇಲೆ, ಸಹಿ ಉತ್ತರದ ಕೆಳಗೆ ಎಂದು ಎರಡನ್ನೂ ಆರಿಸಿ. ಆಗ ಗೆರೆಯ ಸಾಲು ಮಾಯವಾಗುತ್ತದೆ, ಗಾಬರಿ ಬೇಡ. ಅದು ಇದ್ದಿದ್ದರೆ ಕೆಳಗಿನ ಉಲ್ಲೇಖವೆಲ್ಲ ಸಹಿಯ ಲೆಕ್ಕಕ್ಕೇ ಸೇರುತ್ತಿತ್ತು. ಜಿಮೇಲ್ ಇದಿಷ್ಟನ್ನೂ ಒಂದೇ ಟಿಕ್‌ನಲ್ಲಿ ಮುಗಿಸುತ್ತದೆ. ಈ ವಿಷಯದಲ್ಲಿ ಅದೇ ಮೇಲು. ಅಲ್ಲಿ ಪುಟದ ತಳದ ‘ಸೇವ್ ಚೇಂಜಸ್’ ಒತ್ತಲು ಮಾತ್ರ ಮರೆಯಬಾರದು.

ಇನ್ನೊಂದು ಎಡವುವ ಜಾಗ ಥಂಡರ್‌ಬರ್ಡ್‌ನ ಸಹಿ ಪೆಟ್ಟಿಗೆಯ ಬಳಿಯ ‘ಯೂಸ್ ಎಚ್‌ಟಿಎಂಎಲ್’ ಟಿಕ್ (ಎಚ್‌ಟಿಎಂಎಲ್ ಎಂದರೆ ವೆಬ್ ಪುಟ ಬರೆಯುವ ಟ್ಯಾಗ್‌ಗಳ ಭಾಷೆ). ಟಿಕ್ ಇಲ್ಲದಿದ್ದರೆ ಸಹಿ ಟೈಪ್‌ರೈಟರ್ ಥರದ ಬೇರೆ ಅಕ್ಷರದಲ್ಲಿ ಕಾಣುತ್ತದೆ. ಟಿಕ್ ಹಾಕಿದರೆ ಎಂಟರ್ ಒತ್ತಿ ಮುರಿದ ಸಾಲುಗಳೆಲ್ಲ ಒಂದೇ ಸಾಲಾಗುತ್ತವೆ, ಏಕೆಂದರೆ ಎಚ್‌ಟಿಎಂಎಲ್ ಎಂಟರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಸಾಲಿನ ಕೊನೆಗೆ ಸಾಲು ಮುರಿಯುವ ಬಿಆರ್ (<br>) ಟ್ಯಾಗ್ ಹಾಕಿ. ಲೋಗೋ ಬೇಕಿದ್ದರೆ ಅಗಲವನ್ನು ಸ್ಟೈಲ್‌ನಲ್ಲಿ ಬರೆಯದೆ, ಚಿತ್ರದ ಟ್ಯಾಗ್‌ನ ವಿಡ್ತ್‌ನಲ್ಲೇ 150 ಎಂದು ಕೊಡಿ. ವಿಂಡೋಸ್‌ನ ಹಳೆಯ ಔಟ್‌ಲುಕ್ ಮೇಲ್ ತೋರಿಸಲು ವರ್ಡ್‌ನ ಎಂಜಿನ್ ಬಳಸುವುದರಿಂದ ಸ್ಟೈಲ್‌ನ ಗರಿಷ್ಠ ಅಗಲವನ್ನು ಗಮನಿಸದೆ ಚಿತ್ರವನ್ನು ಪೂರ್ತಿ ಗಾತ್ರದಲ್ಲಿ ತೋರಿಸುತ್ತದೆ. ಲೋಗೋದಲ್ಲೇ ಫೋನ್ ನಂಬರ್ ಬರೆಯಬೇಡಿ. ಚಿತ್ರ ಬ್ಲಾಕ್ ಆದರೆ ನಂಬರೂ ಹೋಯಿತು.

ಸಹಿ ನಾಲ್ಕು ಸಾಲು ದಾಟದಿರಲಿ ಎಂದು 1995ರ ಆರ್‌ಎಫ್‌ಸಿ 1855 ಹೇಳಿದ್ದು ಇವತ್ತಿಗೂ ಸರಿಯಾದ ಅಳತೆ. ಕಚೇರಿಗೊಂದು, ಸಂಘದ ಕೆಲಸಕ್ಕೊಂದು ಸಹಿ ಬೇಕಾದರೆ ಥಂಡರ್‌ಬರ್ಡ್‌ನಲ್ಲಿ ಸಹಿ ಪೆಟ್ಟಿಗೆ ಇರುವ ಪುಟದ ‘ಮ್ಯಾನೇಜ್ ಐಡೆಂಟಿಟೀಸ್’ನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಬಹುದು.

ಕನ್ನಡದಲ್ಲಿ ಸಹಿ ಹಾಕುವವರು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನ ಪಠ್ಯವನ್ನು ಹಾಗೇ ಅಂಟಿಸಬಾರದು. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಸಹಿಯನ್ನು ಫೈಲ್‌ನಿಂದ ಸೇರಿಸುವುದಾದರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಎಂದೇ ಉಳಿಸಿ, ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ ಫೋನಿನಲ್ಲಿ ತೆರೆದು ನೋಡಿ.