ಓ ಪೇರ್ ಇಟ್ಟುಕೊಂಡವರೇ, "ಟ್ಯಾಕ್ಸ್ ಏನೂ ಇಲ್ಲ ಮೇಡಂ" ಅಂದರೆ ನಂಬಬೇಡಿ

ಬರೆಯೋಕೆ ನಾಚಿಕೆ ಆಗುತ್ತದೆ. ಒಂದು ವಾರ ಬೇಡ ಅಂತಲೇ ಇದ್ದೆ. ಆದರೆ ಮೊನ್ನೆ ಗೆಳತಿಯೊಬ್ಬಳು ತಾನೂ ಓ ಪೇರ್ (ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ವಿದೇಶಿ ಹುಡುಗಿ) ಕರೆಸುತ್ತಿದ್ದೇನೆ, ಟ್ಯಾಕ್ಸ್ ಕೆಲಸ "ಅವರಿಗೇ" ಕೊಡುತ್ತೇನೆ ಅಂದಳು. ಯಾರು ಆ "ಅವರು" ಅಂತ ಕೇಳಿದೆ. ನಮಗೆ ಟ್ಯಾಕ್ಸ್ ಮಾಡಿಕೊಟ್ಟ ಅದೇ ಮನುಷ್ಯ!

ನಾವಿರುವುದು ನ್ಯೂ ಜೆರ್ಸಿಯಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಎರಡು ಚಿಕ್ಕ ಮಕ್ಕಳು. 2022ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನಿಂದ ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದಲ್ಲಿ ಒಬ್ಬ ಹುಡುಗಿ ಬಂದಳು. ವಾರಕ್ಕೆ 195 ಡಾಲರ್ 75 ಸೆಂಟ್‌ಗಿಂತ ಕಮ್ಮಿ ಕೊಡುವ ಹಾಗಿಲ್ಲ, ನಾವು 200 ಕೊಡುತ್ತಿದ್ದೆವು. ಚಿನ್ನದಂಥ ಹುಡುಗಿ. ಮಕ್ಕಳ ಹತ್ತಿರ "ಊಟ ಆಯ್ತಾ" ಕಲಿತು ನನ್ನನ್ನೇ ದಿನಾ ಕೇಳುತ್ತಿದ್ದಳು. ವರ್ಷ ಮುಗಿದ ಮೇಲೆ ಇನ್ನೊಂದು ವರ್ಷ ಮುಂದುವರಿಸಿದೆವು. 2024ರ ಆಗಸ್ಟ್‌ನಲ್ಲಿ ಊರಿಗೆ ಹೋದಳು.

ಟ್ಯಾಕ್ಸ್ ಮಾಡುವವರು ಪರಿಚಯ ಆಗಿದ್ದು ಸಂಕ್ರಾಂತಿ ಊಟದಲ್ಲಿ. ನಮ್ಮ ಕನ್ನಡದವರೇ ಅಲ್ವಾ, ಮೋಸ ಮಾಡ್ತಾರಾ ಅಂದುಕೊಂಡೆವು. 350 ಡಾಲರ್ ತೆಗೆದುಕೊಂಡರು. ಓ ಪೇರ್ ಇದ್ದಾಳೆ, ನಾವೇನಾದರೂ ಕಟ್ಟಬೇಕಾ ಅಂತ ನಾನೇ ಬಾಯಿಬಿಟ್ಟು ಕೇಳಿದೆ. "ಓ ಪೇರ್‌ಗೆ ಟ್ಯಾಕ್ಸ್ ಏನೂ ಇಲ್ಲ ಮೇಡಂ, ಸುಮ್ನೆ ತಲೆ ಕೆಡಿಸ್ಕೋಬೇಡಿ." ಅವಳು ಫೈಲ್ ಮಾಡಬೇಕಾ? "ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಕಮ್ಮಿ ಇದೆ, ಏನೂ ಬೇಡ." ಅಂದರೆ ತೆರಿಗೆ ಇಲ್ಲದೆ ಬಿಡುವ ಮೊತ್ತಕ್ಕಿಂತ ಅವಳ ಸಂಬಳ ಕಮ್ಮಿ ಅಂತ.

ನಾನು ಆ ಮಾತನ್ನೇ ಹುಡುಗಿಗೆ ಹೇಳಿದೆ. ನಾನೇ. ಅಡುಗೆಮನೆಯಲ್ಲಿ ನಿಂತು, ದೊಡ್ಡ ತಿಳಿದವಳ ಹಾಗೆ.

2025ರ ಮಾರ್ಚ್‌ನಲ್ಲಿ ಅವಳಿಂದ ವಾಟ್ಸಾಪ್ ಬಂತು. ನಾನು ಆಫೀಸಿನಲ್ಲಿದ್ದೆ. ಬೇರೆ ಮನೆಯ ಓ ಪೇರ್ ಹುಡುಗಿ ಇವಳಿಗೆ ಹೇಳಿದ್ದಳಂತೆ. ನಾನ್ ರೆಸಿಡೆಂಟ್ (ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಅಲ್ಲದವರು) ಆದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ, ಮೊದಲ ಡಾಲರ್‌ನಿಂದಲೇ ತೆರಿಗೆ, 1040-ಎನ್‌ಆರ್ (ಅಂಥವರ ತೆರಿಗೆ ಫಾರ್ಮ್) ಫೈಲ್ ಮಾಡಲೇಬೇಕು ಅಂತ. ಕೊನೆಯಲ್ಲಿ ಒಂದು ಸಾಲು: "ನೀವು ಬೇಡ ಅಂದಿದ್ದಿರಿ ಅಲ್ವಾ?" ಓದಿ ಕಿವಿ ಬಿಸಿಯಾಯಿತು. ಫೋನ್ ಮಗುಚಿಟ್ಟು ಕೂತುಬಿಟ್ಟೆ. ಬೈದಿದ್ದರೆ ವಾಸಿಯಿತ್ತು.

ಲೆಕ್ಕ ಹಾಕಿದರೆ 2022ರ ಇಪ್ಪತ್ತು ವಾರಕ್ಕೆ 4,000 ಡಾಲರ್, 2023ಕ್ಕೆ 10,400. ಅದರಲ್ಲಿ ಹತ್ತು ಪರ್ಸೆಂಟ್, ಒಟ್ಟು 1,440. ಬಡ್ಡಿ, ದಂಡ ಬೇರೆ. ವಾರಕ್ಕೆ 200 ದುಡಿದ ಹುಡುಗಿಗೆ!

ಇಷ್ಟೇ ಅಂದುಕೊಂಡೆ. ಅಲ್ಲ. ಬೇರೆ ಸಿಪಿಎ (ಲೈಸೆನ್ಸ್ ಇರುವ ಲೆಕ್ಕಪತ್ರದವರು) ಹತ್ತಿರ ಹೋದಾಗ ಆಕೆ ಮೊದಲು ಕೇಳಿದ್ದು ಹುಡುಗಿ ಬಂದ ತಾರೀಖು. ಓ ಪೇರ್ ನಾನ್ ರೆಸಿಡೆಂಟ್ ಆಗಿರುವವರೆಗೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ (ಪಿಂಚಣಿ, ಆರೋಗ್ಯ ವಿಮೆಗೆ ಸಂಬಳದ ಮೇಲೆ ಕಟ್ಟುವ) ತೆರಿಗೆ ಇಲ್ಲ, ಅದು ನಿಜ. ಆದರೆ ಆ ವಿನಾಯಿತಿ ಎರಡು ಕ್ಯಾಲೆಂಡರ್ ವರ್ಷಕ್ಕೆ. ಇಪ್ಪತ್ತನಾಲ್ಕು ತಿಂಗಳು ಅಲ್ಲ, ಕ್ಯಾಲೆಂಡರ್ ವರ್ಷ! 2022ರಲ್ಲಿ ಐದೇ ತಿಂಗಳಿದ್ದರೂ ಒಂದು ವರ್ಷ ಖರ್ಚಾಯಿತು. 2023 ಎರಡನೆಯದು. 2024ರ ಜನವರಿ 1ರಿಂದ ಅವಳ ದಿನಗಳ ಎಣಿಕೆ ಶುರು, 183 ದಾಟಿದ್ದಕ್ಕೆ ಅವಳು ರೆಸಿಡೆಂಟ್, ನಾವು ಕೆಲಸಕ್ಕಿಟ್ಟುಕೊಂಡ ಧಣಿಗಳು. ಇಷ್ಟು ಸಂಬಳ ಕೊಟ್ಟರೆ ಈ ತೆರಿಗೆ ಕಟ್ಟಬೇಕು ಅನ್ನುವ ಆ ವರ್ಷದ ಮಿತಿ 2,700 ಡಾಲರ್. ನಾವು ಕೊಟ್ಟಿದ್ದು 31 ವಾರಕ್ಕೆ 6,200. ಅದರ 15.3 ಪರ್ಸೆಂಟ್ ಅಂದರೆ 948 ಡಾಲರ್ 60 ಸೆಂಟ್. ಅರ್ಧ ಅವಳ ಸಂಬಳದಲ್ಲಿ ಹಿಡಿಯಬೇಕಿತ್ತು. ಊರಿಗೆ ಹೋದವಳ ಹತ್ತಿರ ಈಗ ಹೇಗೆ ಕೇಳೋದು? ಪೂರ್ತಿ ನಾವೇ ಕಟ್ಟಿದೆವು. ಶೆಡ್ಯೂಲ್ ಎಚ್ (ಮನೆಕೆಲಸದವರ ತೆರಿಗೆಯ ಫಾರ್ಮ್), ಇಐಎನ್ (ಧಣಿಗಳ ತೆರಿಗೆ ನಂಬರ್), ತಡವಾದ ಡಬ್ಲ್ಯೂ-2 (ಸಂಬಳದ ಪತ್ರ), ನಿರುದ್ಯೋಗದ ತೆರಿಗೆ, ತಿದ್ದಿದ ರಿಟರ್ನ್, ಎಲ್ಲ ಒಂದರ ಹಿಂದೆ ಒಂದು.

ಇನ್ನು ಆ ಮಹಾಶಯರಿಗೆ ಫೋನ್ ಮಾಡಿದ ಕಥೆ.

ಮೊದಲ ಸಲ: "ನೀವು ಮೂರನೇ ವರ್ಷ ಅಂತ ಹೇಳಲೇ ಇಲ್ವಲ್ಲ ಮೇಡಂ." ಮೂರು ವರ್ಷವೂ ಅವರೇ ಮಾಡಿದ್ದು! ಪ್ರತಿ ವರ್ಷ ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಕ್ರೆಡಿಟ್ (ತೆರಿಗೆಯಲ್ಲಿ ಕಡಿತ) ಕೇಳುವ 2441 ಫಾರ್ಮ್‌ನಲ್ಲಿ ಅದೇ ಹುಡುಗಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಬರೆದಿದ್ದು ಅವರೇ. ಎಫ್‌ಎಸ್‌ಎಯಲ್ಲಿ (ಮಕ್ಕಳ ಖರ್ಚಿಗೆ ತೆರಿಗೆ ಇಲ್ಲದೆ ಎತ್ತಿಡುವ ಖಾತೆ) 5,000 ಹಾಕಿದ್ದೆವು, ಕ್ರೆಡಿಟ್ ಲೆಕ್ಕಕ್ಕೆ ಬರುವ ಖರ್ಚಿನಲ್ಲಿ ಮಿಕ್ಕ 1,000ಕ್ಕೆ ಇಪ್ಪತ್ತು ಪರ್ಸೆಂಟ್, 200 ಡಾಲರ್ ಕ್ರೆಡಿಟ್ ಕೊಡಿಸಿದೆ ಅಂತ ಹೇಳಿಕೊಂಡಿದ್ದರು. ಕ್ರೆಡಿಟ್ ತಗೊಳ್ಳೋಕೆ ಅವಳು ಇದ್ದಾಳೆ, ಟ್ಯಾಕ್ಸ್ ಅಂದ ಕೂಡಲೇ ಮಾಯ.

ಎರಡನೇ ಸಲ: "ಎಲ್ರೂ ಹೀಗೇ ಮಾಡ್ತಾರೆ, ಐಆರ್‌ಎಸ್‌ನವರು ಇದಕ್ಕೆಲ್ಲ ಬರಲ್ಲ." ಅಂದರೆ ಇಲ್ಲಿನ ತೆರಿಗೆ ಇಲಾಖೆಯವರು.

ಮೂರನೇ ಸಲ ನಮ್ಮ ಮನೆಯವರು ಮಾತಾಡಿದರು. "ಸಹಿ ನಿಮ್ಮದೇ ಅಲ್ವಾ ಸರ್?" ಅಂದರು ಆ ಮಹಾಶಯರು. ತೆಗೆದು ನೋಡಿದರೆ ಹೌದು, ರಿಟರ್ನ್‌ನಲ್ಲಿ ಪ್ರಿಪೇರರ್ ಜಾಗ ಖಾಲಿ. ಹೆಸರಿಲ್ಲ, ಪಿಟಿಐಎನ್ (ರಿಟರ್ನ್ ಮಾಡಿಕೊಡುವವರ ನೋಂದಣಿ) ನಂಬರ್ ಇಲ್ಲ, ಏನಿಲ್ಲ. ದುಡ್ಡು ತಗೊಂಡು ಮಾಡಿಕೊಟ್ಟವರು ಸಹಿ ಹಾಕಲೇಬೇಕು ಅನ್ನುವುದು ಕಾನೂನು. ಮೂರು ವರ್ಷ ನಾವು ಅದನ್ನು ನೋಡಲೇ ಇಲ್ಲ. ಫೀಸ್ ವಾಪಸ್ ಕೇಳಿದ್ದಕ್ಕೆ ಕೈ ಮುಗಿಯುವ ಇಮೋಜಿ ಕಳಿಸಿದರು. ಅಷ್ಟೇ.

ಹುಡುಗಿಯನ್ನು ಕರೆಸಿಕೊಟ್ಟ ಏಜೆನ್ಸಿಯವರದ್ದು ಇನ್ನೊಂದು. "ನಾವು ಟ್ಯಾಕ್ಸ್ ಸಲಹೆ ಕೊಡಲ್ಲ, ಕೈಪಿಡಿಯಲ್ಲಿದೆ." ಎರಡನೇ ವರ್ಷಕ್ಕೆ ಸಾವಿರಾರು ಡಾಲರ್ ಫೀಸ್ ಕಟ್ಟಿಸಿಕೊಳ್ಳುವಾಗ ಒಂದು ಮಾತು ಹೇಳೋಕೆ ಏನಾಗಿತ್ತು?

ಹುಡುಗಿಯ ಬಾಕಿ ನಾವೇ ಕಳಿಸಿದೆವು. ತೆಗೆದುಕೊಂಡಳು, ಥ್ಯಾಂಕ್ಸ್ ಅಂದಳು. ಮೊದಲೆಲ್ಲ ವಾರಕ್ಕೊಂದು ಸಲ ಮಕ್ಕಳ ಫೋಟೋ ಕೇಳುತ್ತಿದ್ದಳು.

ನೀವು ಓ ಪೇರ್ ಇಟ್ಟುಕೊಂಡಿದ್ದರೆ ಅವಳು ಮೊದಲು ಯಾವಾಗ ಅಮೆರಿಕಕ್ಕೆ ಬಂದಳು ಅಂತ ಈಗಲೇ ಕೇಳಿ. ಹಿಂದೆ ಓದೋಕೆ ಬಂದಿದ್ದರೂ ಆ ವರ್ಷಗಳು ಲೆಕ್ಕಕ್ಕೆ ಸೇರಬಹುದು. ವರ್ಷಗಳನ್ನು ಬೆರಳಲ್ಲಿ ಎಣಿಸಿ. ಅವಳಿಗೆ ಟ್ಯಾಕ್ಸ್ ಬಗ್ಗೆ ನೀವಾಗಿ ಬುದ್ಧಿ ಹೇಳೋಕೆ ಹೋಗಬೇಡಿ, ನನ್ನ ಹಾಗೆ. ನಿಮ್ಮ ರಿಟರ್ನ್ ಮಾಡಿದವರ ಸಹಿ ಇದೆಯಾ, ಇವತ್ತೇ ತೆಗೆದು ನೋಡಿ. ಇಲ್ಲದಿದ್ದರೆ, ಸಂಕ್ರಾಂತಿ ಊಟದಲ್ಲಿ ಪರಿಚಯ ಆದವರಾ ಅಂತ ನನಗೊಂದು ಮೆಸೇಜ್ ಹಾಕಿ.