ಲೂಪ್ ಆಂಟೆನಾ ಮಾಡೋರು ಫ್ರಿಜ್ ರಿಪೇರಿ ಅಂಗಡಿಗೆ ಹೋಗಿ

ಶಿವಮೊಗ್ಗದ ವಿನೋಬನಗರದ ಅಪಾರ್ಟ್‌ಮೆಂಟಿನ ಎರಡನೇ ಮಹಡಿ ನಮ್ಮದು. ಟೆರೇಸಿನಲ್ಲಿ ಆಂಟೆನಾ ತಂತಿ ಕಟ್ಟಲು ಅಪಾರ್ಟ್‌ಮೆಂಟಿನವರು ಒಪ್ಪಲಿಲ್ಲ. ಹಾಗಾಗಿ ಹ್ಯಾಮ್ ರೇಡಿಯೋಗೆ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ) ಬಾಲ್ಕನಿಯಲ್ಲೇ ಒಂದು ಮೀಟರ್ ಅಗಲದ ಮ್ಯಾಗ್ನೆಟಿಕ್ ಲೂಪ್, ಅಂದರೆ ಪೈಪನ್ನು ಬಳೆಯಂತೆ ಬಗ್ಗಿಸಿದ ಪುಟ್ಟ ಆಂಟೆನಾ ಮಾಡಿದೆ. ಅದು ಇವತ್ತು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದರೆ ದುರ್ಗಿಗುಡಿ ಕಡೆಯ ಒಂದು ಪುಟ್ಟ ಫ್ರಿಜ್-ಎಸಿ ರಿಪೇರಿ ಅಂಗಡಿಯಿಂದ.

ಮೊದಲು ನಾನೇ ಪೈಪಿನ ತುದಿಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದೆ. ಜೂನ್ ಮಳೆ ಹಿಡಿಯಿತು ನೋಡಿ, ಮೂರೇ ವಾರಕ್ಕೆ ಜಾಯಿಂಟೆಲ್ಲ ಕಿಲುಬು. 14 ಮೆಗಾಹರ್ಟ್ಸಿನಲ್ಲಿ ಇಷ್ಟು ಚಿಕ್ಕ ಲೂಪಿನ ರೇಡಿಯೇಶನ್ ರೆಸಿಸ್ಟೆನ್ಸ್ (ರೇಡಿಯೋ ಅಲೆಯಾಗಿ ಹೊರಹೋಗುವ ಪವರಿಗೆ ಲೆಕ್ಕ ಹಾಕುವ ರೆಸಿಸ್ಟೆನ್ಸ್) ಸುಮಾರು 0.1 ಓಮ್ ಅಷ್ಟೆ. ಜಾಯಿಂಟಿನಲ್ಲೂ ಅಷ್ಟೇ ರೆಸಿಸ್ಟೆನ್ಸ್ ಸೇರಿಕೊಂಡರೆ, ಗಾಳಿಗೆ ಹೋಗುವಷ್ಟೇ ಪವರ್ ಅಲ್ಲೇ ಬಿಸಿಯಾಗಿ ಮುಗಿದುಹೋಗುತ್ತದೆ. ಸುಮ್ನೆ ಬೋಲ್ಟ್ ಬಿಗಿ ಮಾಡಿದರೆ ಸಾಲದು.

ಅಂಗಡಿಯಲ್ಲಿ ಅರ್ಧ ಇಂಚಿನ ಮೆತ್ತನೆಯ ತಾಮ್ರದ ಪೈಪ್ ಸುರುಳಿ ಇತ್ತು. ಬೇಕಾದಷ್ಟೇ ಅಳೆದು ಕೊಟ್ಟರು. "ಎಂತ ಮಾರಾಯ್ರೇ, ಇದಕ್ಕೆ ಗ್ಯಾಸ್ ಎಲ್ಲಿಂದ ತುಂಬೋದು?" ಎಂದರು ಮೆಕ್ಯಾನಿಕ್. ವಿಷಯ ಹೇಳಿದ ಮೇಲೆ ಅವರಿಗೇ ಆಸಕ್ತಿ ಬಂತು. ಪೈಪನ್ನು ಡ್ರಮ್ಮಿಗೆ ಸುತ್ತಿ ಎಲ್ಲೂ ನಗ್ಗದಂತೆ ಗುಂಡಗೆ ಬಗ್ಗಿಸಿದರು. ಎರಡು ತುದಿಗೂ ತಾಮ್ರದ ಪಟ್ಟಿ ಇಟ್ಟು, ಮರಳು ಕಾಗದದಲ್ಲಿ ಉಜ್ಜಿ, ಬ್ರೇಜಿಂಗ್ (ಲೋಹದ ಕಡ್ಡಿ ಕರಗಿಸಿ ಹಾಕುವ ಗಟ್ಟಿ ಬೆಸುಗೆ) ಮಾಡಿದರು. ಆ ಪಟ್ಟಿಗಳನ್ನು ನಾನು ಹಳೆ ವಾಲ್ವ್ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರಿನ ಎರಡು ಸ್ಟೇಟರ್‌ಗಳಿಗೆ (ತಿರುಗದೆ ನಿಂತಿರುವ ಪ್ಲೇಟುಗಳಿಗೆ) ಬೆಸುಗೆ ಹಾಕಿದೆ. ಹೀಗೆ ಮಾಡಿದರೆ ತಿರುಗುವ ಭಾಗಕ್ಕೆ ಉಜ್ಜುವ ಸಂಪರ್ಕವೇ ಬೇಡ, ಅಲ್ವಾ?

ಇದು ಎರಡನೇ ಮಳೆಗಾಲ. ಬ್ರೇಜಿಂಗ್ ಅಲ್ಲಾಡಿಲ್ಲ. 5 ವ್ಯಾಟಿನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಸಲೀಸಾಗಿ ನಡೆಯುತ್ತಿದೆ. ಪಕ್ಕದ ಮನೆಯ ಇನ್ವರ್ಟರ್ ಗಲಾಟೆ ಜಾಸ್ತಿಯಾದಾಗ ಲೂಪಿನ ಮುಖವನ್ನು ಆ ಕಡೆಗೆ ತಿರುಗಿಸುತ್ತೇನೆ, ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಒಂದು ಮಾತು, 5 ವ್ಯಾಟಿಗೇ ಕಂಡೆನ್ಸರಿನ ಮೇಲೆ ಸಾವಿರ ವೋಲ್ಟಿಗಿಂತ ಜಾಸ್ತಿ ಬರುತ್ತದೆ. ಟ್ರಾನ್ಸ್‌ಮಿಟ್ ಮಾಡುವಾಗ ಮಕ್ಕಳನ್ನು ಬಾಲ್ಕನಿಗೆ ಬಿಡಬೇಡಿ.

ಬೇಸರ ಒಂದೇ: ಬೇಸಿಗೆಯಲ್ಲಿ ಹೋದರೆ ಎಸಿ ಕೆಲಸದ ನಡುವೆ ಅಂಗಡಿಯವರಿಗೆ ನಮ್ಮ ಕೆಲಸಕ್ಕೆ ಸಮಯ ಸಿಗುವುದಿಲ್ಲ, ನಾನು ನಾಲ್ಕು ದಿನ ಕಾದೆ. ಮಳೆ ಶುರುವಾದ ಮೇಲೆ ಹೋಗಿ, ಕಂಡೆನ್ಸರನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಪಟ್ಟಿಯ ಅಳತೆಯನ್ನು ಅವರು ಅದನ್ನು ನೋಡಿಯೇ ಕತ್ತರಿಸುತ್ತಾರೆ.